ಮೈಕು ಒಪ್ಪದ ಸಾಲು

ಸುದ್ದಿ ಓದುವವರು ತಾವೇ ನಂಬದ ಮಾತನ್ನು ಮೈಕು ಹೊರಗೆ ಬಿಡುತ್ತಿರಲಿಲ್ಲ. ಅದಕ್ಕೇ ಮಾಧ್ಯಮ ಕಾಲೇಜಿನಲ್ಲಿ ಮೂರು ವರ್ಷ ನಂಬುವುದನ್ನೇ ಕಲಿಸುತ್ತಿದ್ದರು. ಅದರಲ್ಲಿ ಶಿವಲೀಲಾ ತರಗತಿಗೇ ಮೊದಲಿಗಳು.

ಚಾನೆಲ್ಲಿನ ಕೆಲಸಕ್ಕೆ ಕೊನೆಯ ಪರೀಕ್ಷೆ ನೇರಪ್ರಸಾರದಲ್ಲೇ ನಡೆಯಿತು. ಕೊಟ್ಟ ಹಾಳೆಯಲ್ಲಿ ಹಿಂದಿನ ದಿನದ ಗಿರಣಿ ಬೆಂಕಿಯ ಸುದ್ದಿಯಿತ್ತು. ಅವಳ ಚಿಕ್ಕಮ್ಮ ಅದೇ ಗಿರಣಿಯಿಂದ ಕೈ ಸುಟ್ಟುಕೊಂಡು ಬದುಕಿ ಬಂದಿದ್ದಳು.

"ಕಾರ್ಮಿಕರ ಅಜಾಗರೂಕತೆಯೇ ಸಾವುಗಳಿಗೆ ಕಾರಣ," ಎಂದು ಓದಿದಳು. ಮೈಕಿನಿಂದ ದನಿ ಹೊರಡಲಿಲ್ಲ. ಮತ್ತೆ ಓದಿದಳು. ಆಗಲೂ ಇಲ್ಲ.

"ನಂಬಿ ಓದಮ್ಮ, ಊರೆಲ್ಲ ನೋಡ್ತಿದೆ," ಎಂದು ಸಂಪಾದಕರು ಪಕ್ಕದಿಂದ ಪಿಸುಗುಟ್ಟಿದರು. "ಕೆಲಸ ಬೇಕೋ ಬೇಡ್ವೋ?"

ಬೇಕಿತ್ತು. ಕಣ್ಣು ಮುಚ್ಚಿ ಇನ್ನೊಮ್ಮೆ ಪ್ರಯತ್ನಿಸಿದಳು. ಚಿಕ್ಕಮ್ಮ ಹೇಳಿದ್ದೇ ಕಿವಿ ತುಂಬಿತು. ಹಾಳೆಯನ್ನು ಮಗುಚಿಟ್ಟಳು.

"ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರು," ಎಂದಳು.

ಆ ಮಾತು ಊರಿನ ಮನೆಮನೆಯಲ್ಲೂ ಸ್ಪಷ್ಟವಾಗಿ ಕೇಳಿಸಿತು.