ಡ್ವೇನ್‌ನ ಅಪರಾಧಗಳು

ಡ್ವೇನ್‌ನನ್ನು ಕೊಲ್ಲದೆ ಬೇರೆ ದಾರಿಯಿಲ್ಲ ಎಂದು ಕ್ಲೇಟನ್‌ಗೆ ಖಚಿತವಾದದ್ದು ಪಿಕಪ್‌ನ ಬಾಗಿಲು ತೆರೆದು ಒಳಗೆ ಕುಳಿತಾಗ. ಕುಳಿತ ಎನ್ನುವುದೂ ದೊಡ್ಡ ಮಾತು. ಮೊಣಕಾಲು ಸ್ಟಿಯರಿಂಗಿಗೆ ತಾಗಿ, ಮೂಗು ಇನ್ನೇನು ಗಾಜಿಗೆ ಒತ್ತುವಂತಿತ್ತು. ಆರಡಿಯ ಡ್ವೇನ್ ಸೀಟನ್ನು ಇಷ್ಟು ಮುಂದಕ್ಕೆ ಎಳೆದದ್ದೇಕೆ? ಕಿರುಕುಳ ಕೊಡಲು. ಇನ್ನೇನು?

ಡ್ವೇನ್ ಅವನ ಹೆಂಡತಿ ಮಾರ್ಲಾಳ ತಮ್ಮ. ಸೋಫಾ ಸಾಗಿಸಲೆಂದು ಮೊನ್ನೆ ಭಾವನ ಗಾಡಿ ಒಯ್ದಿದ್ದ. ಇವತ್ತು ಬೆಳಿಗ್ಗೆ ಅದನ್ನು ಬಿಡಿಭಾಗಗಳ ಅಂಗಡಿಯ ಮುಂದೆ ನಿಲ್ಲಿಸಿ, ಊರಿನ ಎಲ್ಲರಂತೆ ಕೀಲಿಯನ್ನು ಅದರಲ್ಲೇ ಬಿಟ್ಟು ಹೋಗಿದ್ದ. ಫೋನ್ ಕೂಡ ಮಾಡಿದ್ದ.

"ಭಾವ, ಆ ಬಲ್ಬಿನ ವಿಷಯ ಒಂದು ಹೇಳ್ಬೇಕಿತ್ತು..."

"ನಿನ್ ಹತ್ರ ಬಲ್ಬಿನ ಪಾಠ ಕಲಿಯೋ ಗತಿ ಇನ್ನೂ ಬಂದಿಲ್ಲ," ಎಂದು ಕ್ಲೇಟನ್ ಫೋನ್ ಇಟ್ಟಿದ್ದ.

ಡ್ಯಾಶ್‌ಬೋರ್ಡಿನ ದೀಪಗಳು ಸುಟ್ಟು ತಿಂಗಳುಗಳೇ ಆಗಿದ್ದವು. ಈ ಮಾಡೆಲ್ಲಿಗೆ ಅದು ಹುಟ್ಟುಗುಣ. ನೆಬ್ರಾಸ್ಕಾದ ಆ ಮೂಲೆಯಲ್ಲಿ ಅರ್ಧ ಜನ ಓಡಿಸುತ್ತಿದ್ದುದು ಅದೇ ಮಾಡೆಲ್, ಅದೇ ಬಿಳಿ ಬಣ್ಣ, ಅದೇ ಕತ್ತಲೆ. ಸೂರ್ಯ ಮುಳುಗಿದ ಮೇಲೆ ತಾನು ಎಷ್ಟು ವೇಗದಲ್ಲಿ ಹೋಗುತ್ತಿದ್ದೇನೆಂದು ಕ್ಲೇಟನ್‌ಗೆ ತಿಳಿಸುತ್ತಿದ್ದವರು ಪೊಲೀಸರು. ಎರಡು ಸಲ ತಿಳಿಸಿದ್ದರು. ಮೂರನೆಯ ಸಲಕ್ಕೆ ಲೈಸೆನ್ಸ್ ಹೋಗುತ್ತಿತ್ತು.

ಸಂಜೆ ಲಿಂಕನ್ ನಗರದಲ್ಲಿ ಮಗಳು ಟೆಸ್ಸಾಳ ಮದುವೆಯ ಹಿಂದಿನ ದಿನದ ಊಟ. ಮಾರ್ಲಾ ಖಡಾಖಂಡಿತವಾಗಿ ಹೇಳಿದ್ದಳು: "ದೀಪ ಉರಿದ್ರೆ ನಿನ್ ಗಾಡಿ. ಇಲ್ದಿದ್ರೆ ಡ್ವೇನ್ ಕರ್ಕೊಂಡ್ ಹೋಗ್ತಾನೆ, ನೀನು ಹಿಂದಿನ ಸೀಟಲ್ಲಿ ಕೂತ್ಕೋ." ಬೀಗರ ಕಣ್ಣೆದುರು ಡ್ವೇನ್‌ನ ಕಾರಿನ ಹಿಂದಿನ ಸೀಟಿನಿಂದ ಇಳಿಯುವುದೇ? ಡ್ವೇನ್‌ನ ಉಪಕಾರ ಹೊರುವುದಕ್ಕಿಂತ ನಡೆದೇ ಹೋಗುತ್ತೇನೆ ಎಂದಿದ್ದ ಕ್ಲೇಟನ್. ಮಾರ್ಲಾ ಅವನ ಬೂಟುಗಳನ್ನು ತಂದು ಬಾಗಿಲ ಬಳಿ ಇಟ್ಟಿದ್ದಳು.

ಹಾಗಾಗಿ ಕೆಲಸದಿಂದ ನೇರವಾಗಿ ಅಂಗಡಿಗೆ ನಡೆದು ಬಂದು, ಬಲ್ಬು ಕೊಂಡು, ಹೊರಗೇ ಕೆಲಸಕ್ಕೆ ಇಳಿದಿದ್ದ. ಸೀಟಿನ ತುಂಬ ನಾಯಿಕೂದಲು. ಡ್ವೇನ್‌ಗೆ ನಾಯಿಯಿಲ್ಲ, ಯಾರದೋ ನಾಯಿಯನ್ನು ಹುಡುಕಿ ತಂದು ಕೂರಿಸಿರಬೇಕು. ಕೀಲಿ ತಿರುಗಿಸಿದರೆ ರೇಡಿಯೊ ದನದ ಹರಾಜಿನ ದರ ಒದರತೊಡಗಿತು. ಒಂದು ಕೋಳಿಯನ್ನೂ ಸಾಕದ ಮನುಷ್ಯನಿಗೆ ಹೋರಿಯ ದರ ಬೇಕು! ಮೊದಲು ತೀರ್ಮಾನ, ಆಮೇಲೆ ಅದಕ್ಕೆ ತಕ್ಕ ಸಾಕ್ಷಿ: ಕ್ಲೇಟನ್‌ನ ಪದ್ಧತಿ ಅದು, ಮತ್ತು ಅದು ಈವರೆಗೆ ಅವನ ಕೈಬಿಟ್ಟಿರಲಿಲ್ಲ.

ಎದುರಿನ ಹೋಟೆಲಿನಿಂದ ಕುಳ್ಳಗಿನ ಮುದುಕನೊಬ್ಬ ಕೈಯಲ್ಲೊಂದು ಪೊಟ್ಟಣ ಹಿಡಿದು ಬಂದ. ಸ್ಕ್ರೂಗಳೆಲ್ಲ ಬಿಚ್ಚಿಕೊಂಡ ಡ್ಯಾಶ್‌ಬೋರ್ಡ್ ನೋಡಿ ನಿಂತುಬಿಟ್ಟ.

"ಏನಪ್ಪಾ ಮಾಡ್ತಿದೀಯ?"

"ಕುರಿ ಕಾಯ್ತಿದೀನಿ. ಕಾಣಲ್ವಾ? ಬಲ್ಬ್ ಹಾಕ್ತಿದೀನಿ."

"ಈ ಗಾಡಿಗಾ?"

"ಇಲ್ಲ, ಚರ್ಚಿಗೆ."

"ಅಲ್ಲ, ನಾನ್ ಹೇಳೋದೇನಂದ್ರೆ..."

"ಯಜಮಾನ್ರೇ, ನಿಮ್ಮನ್ನ ಯಾರಾದ್ರೂ ಏನಾದ್ರೂ ಕೇಳಿದ್ರಾ?"

ಮುದುಕ ಸ್ವಲ್ಪ ಯೋಚಿಸಿದ. "ಇಲ್ಲ," ಎಂದು ಒಪ್ಪಿಕೊಂಡ. ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಬಿಳಿ ಪಿಕಪ್ಪಿಗೆ ಒರಗಿ, ಪೊಟ್ಟಣ ಬಿಚ್ಚಿ, ಚೆರ್ರಿ ಪೈ ತಿನ್ನತೊಡಗಿದ.

ಮೀಟರಿನ ಚೌಕಟ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕ್ಲೇಟನ್ ಜಗ್ಗಿದ.

"ಮೆಲ್ಲಗಪ್ಪಾ, ಮುರಿದೀಯೆ." ಮುದುಕನ ದನಿಯಲ್ಲಿ ನಿಜವಾದ ನೋವಿತ್ತು.

"ನಿಮಗ್ಯಾಕ್ರೀ ಸಂಕಟ?"

"ಹಳೇ ಗಾಡಿ ನೋಡು, ಕರುಳು ಚುರ್ ಅನ್ನತ್ತೆ."

ಚೌಕಟ್ಟು ಬಂತು. ಸುಟ್ಟು ಕಪ್ಪಾದ ಬಲ್ಬುಗಳನ್ನು ಒಂದೊಂದಾಗಿ ತಿರುಗಿಸಿ ತೆಗೆದು ಕ್ಲೇಟನ್ ಹೊಸವನ್ನು ಕೂರಿಸಿದ. ಕೈಕೆಲಸ ಸಾಗಿದಂತೆ ಅವನ ಮನಸ್ಸೂ ಸ್ವಲ್ಪ ಮೆತ್ತಗಾಯಿತು.

"ನಿಮ್ ಗಾಡೀಲೂ ದೀಪ ಹೋಗಿದ್ಯಾ?"

"ಹೋಗಿತ್ತು. ಇನ್ನೇನು, ಸರಿಹೋಗತ್ತೆ."

"ಯಾರ್ ಮಾಡ್ತಿದಾರೆ?"

"ಯಾರೋ ಪುಣ್ಯಾತ್ಮ. ಕೆಲಸ ಚೆನ್ನಾಗಿ ಮಾಡ್ತಾನೆ. ಬಾಯಿ ಮಾತ್ರ ಜಾಸ್ತಿ."

"ಅಂಥೋರನ್ನ ಮಾತಾಡಕ್ಕೇ ಬಿಡಬಾರದು," ಎಂದ ಕ್ಲೇಟನ್.

ಎಲ್ಲ ಜೋಡಿಸಿ ಸ್ವಿಚ್ ಒತ್ತಿದ. ಡ್ಯಾಶ್‌ಬೋರ್ಡ್ ತಿಳಿ ಹಸಿರಾಗಿ ಬೆಳಗಿತು. ಮುದುಕ ಪೈ ಬಿಟ್ಟು ಹತ್ತಿರ ಬಂದು ಇಣುಕಿದ. ಅವನ ಕಣ್ಣಲ್ಲಿ ನೀರಾಡಿದಂತಿತ್ತು.

"ಹಾಗೇ ಆ ಗಡಿಯಾರಾನೂ ಸರಿಯಾಗಿ ಇಟ್ಬಿಡಪ್ಪ. ಗಾಜಿನ್ ಮೇಲೆ ಧೂಳಿದೆ ನೋಡು."

ಗೆದ್ದವನ ಔದಾರ್ಯದಲ್ಲಿ ಕ್ಲೇಟನ್ ಗಡಿಯಾರ ಸರಿಪಡಿಸಿದ. ಗಾಜನ್ನು ತನ್ನ ಅಂಗಿಯ ತೋಳಿನಿಂದಲೇ ಒರೆಸಿದ. ಕೆಳಗಿಳಿದು ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಿದ್ದಾಗ ಮುದುಕ ಉಳಿದ ಪೈಯನ್ನು ಪೊಟ್ಟಣ ಸಮೇತ ಅವನ ಕೈಗಿಟ್ಟು, ಪಿಕಪ್ ಹತ್ತಿ, ಬಾಗಿಲೆಳೆದುಕೊಂಡ. ಸೀಟು ಅವನ ಕಾಲಿಗೆ ಅಳತೆ ತೆಗೆದಂತಿತ್ತು.

"ರೀ! ನನ್ ಗಾಡಿ!"

"ನಿಂದು ಅದು." ಮುದುಕ ತಾನು ಇಷ್ಟು ಹೊತ್ತು ಒರಗಿದ್ದ ಪಿಕಪ್ಪಿನ ಕಡೆಗೆ ಗದ್ದ ತೋರಿಸಿದ. "ಹೇಳೋಣಾಂತಿದ್ದೆ. ಯಾರೂ ಕೇಳ್ಲಿಲ್ವಲ್ಲ."

ಹೋರಿಯ ದರ ಕೂಗುತ್ತ, ಮೀಟರ್ ಬೆಳಗುತ್ತ ಗಾಡಿ ರಸ್ತೆಗಿಳಿದು ಮರೆಯಾಯಿತು.

ಹೊತ್ತು ಮುಳುಗುತ್ತಿತ್ತು. ಬಲ್ಬು ಮುಗಿದಿದ್ದವು, ಅಂಗಡಿ ಮುಚ್ಚಿತ್ತು. ಕ್ಲೇಟನ್ ಇನ್ನೊಂದು ಪಿಕಪ್ಪಿನ ಬಾಗಿಲು ತೆರೆದ. ಸೀಟು ಹಿಂದಕ್ಕೆ, ಅವನ ಮೊಣಕಾಲಿಗೆ ಹಿತವಾಗುವಲ್ಲೇ ಇತ್ತು. ಒಂದೇ ಒಂದು ನಾಯಿಕೂದಲಿರಲಿಲ್ಲ. ಹಿಂದಿನ ಸೀಟು, ಬೀಗರು, ಲಿಂಕನ್‌ವರೆಗೂ ಡ್ವೇನ್‌ನ ಮಾತು, ಎಲ್ಲವನ್ನೂ ನೆನೆಯುತ್ತ ಕತ್ತಲೆಯನ್ನು ನೋಡಲೆಂದೇ ಕೀಲಿ ತಿರುಗಿಸಿ ಸ್ವಿಚ್ ಒತ್ತಿದ.

ಒಂದೂ ಬಿಡದೆ ಎಲ್ಲ ದೀಪಗಳೂ ಹೊಚ್ಚ ಹೊಸದಾಗಿ ಹೊತ್ತಿಕೊಂಡವು. ಬಲ್ಬಿನ ವಿಷಯದಲ್ಲಿ ಡ್ವೇನ್ ಹೇಳಬೇಕೆಂದಿದ್ದದ್ದು ಅದೊಂದೇ.