ಮೊಣಕೈ ಕೆಳಗಿನ ಬೆರಳು

“ಮಿಸ್, ಒಂದ್ಸಲ ಅವಳ ಮೊಣಕೈ ಬಿಡ್ತೀರಾ?” ಎಂದಳು ಪುಟ್ಟಿಯ ತಾಯಿ.

ಮಾತು ಬಾರದ ಎಂಟು ವರ್ಷದ ಪುಟ್ಟಿ ಟ್ಯಾಬ್ಲೆಟ್‌ನಲ್ಲಿ ಚಿತ್ರ ಮುಟ್ಟಿದರೆ ಅದು ಮಾತಾಗಿ ಕೇಳಿಸುತ್ತಿತ್ತು. ಹೆಚ್ಚು ಸಲ ಒತ್ತಿದ್ದನ್ನು ನೆನಪಿಟ್ಟುಕೊಂಡು, ಅವಳು ಮುಂದೇನು ಹೇಳಬಹುದೆಂದು ತಾನೇ ಊಹಿಸಿ, ಆ ಚಿತ್ರವನ್ನು ದೊಡ್ಡದು ಮಾಡಿ ಎದುರಿಗಿಡುವಷ್ಟು ಜಾಣ ಯಂತ್ರ. ನಡುಗುವ ಕೈಗೆ ಆಸರೆಯೆಂದು ಟೀಚರ್ ಆರು ತಿಂಗಳಿಂದ ಅವಳ ಮೊಣಕೈ ಕೆಳಗೆ ಎರಡು ಬೆರಳು ಕೊಟ್ಟೇ ಕೂರುತ್ತಿದ್ದಳು.

“ಬಿಟ್ರೆ ಕೈ ನಡುಗುತ್ತಮ್ಮಾ, ತಪ್ಪು ಒತ್ತಿಬಿಡ್ತಾಳೆ.”

“ಒತ್ತಲಿ ಬಿಡಿ. ಇಲ್ಲಿ ದಿನಾ ‘ಖುಷಿ’ ಅಂತಾಳಂತೆ. ಮನೇಲಿ ನೋಡಿದ್ರೆ ಒಂದು ತುತ್ತೂ ಇಳಿಯಲ್ಲ, ಗೋಡೆಗೆ ತಲೆ ಚಚ್ಕೋತಾಳೆ.”

ಟೀಚರ್ ಬೆರಳು ತೆಗೆದಳು. ಪರದೆಯ ನಡುವೆ ಅಂಗೈ ಅಗಲದ ‘ಖುಷಿ’ ಹಲ್ಲು ಕಿರಿಯುತ್ತಿತ್ತು. ಪುಟ್ಟಿಯ ಕೈ ತೂರಾಡುತ್ತ ಅದನ್ನು ದಾಟಿ ಹೋಗಿ ಪುಟ ತಿರುಗಿಸುವ ಬಾಣವನ್ನು ಒತ್ತಿತು. ಮತ್ತೊಮ್ಮೆ ಒತ್ತಿತು. ಮೂರನೇ ಪುಟದ ಮೂಲೆಯಲ್ಲಿ, ಯಾರೂ ಮುಟ್ಟದೆ ಕಡಲೆಕಾಳಿನಷ್ಟು ಚಿಕ್ಕದಾಗಿದ್ದ ಚಿತ್ರದ ಮೇಲೆ ಬೆರಳು ಕೂತಿತು.

“ನೋವು,” ಎಂದಿತು ಯಂತ್ರ.

ಪುಟ್ಟಿ ಕೆನ್ನೆ ಹಿಡಿದುಕೊಂಡಳು. ತಾಯಿ ಅವಳ ಬಾಯಿ ತೆರೆಸಿ ಇಣುಕುವಷ್ಟರಲ್ಲಿ ಪರದೆ ಮೊದಲ ಪುಟಕ್ಕೆ ಮರಳಿ, ಮತ್ತೆ ‘ಖುಷಿ’ಯನ್ನೇ ಮುಂದೆ ಹಿಡಿಯಿತು. ಆರು ತಿಂಗಳು ಅದು ಕಲಿತದ್ದು ಯಾರ ಬೆರಳಿಂದ ಎಂದು ಟೀಚರ್‌ಗೆ ಹೊಳೆಯಿತು. ಆ ಎರಡು ಬೆರಳುಗಳನ್ನೂ ಅವಳು ಮೆಲ್ಲಗೆ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು.