ಕೆಳಗಿನ ಓಣಿಯ ಸಮುದ್ರ

ಕೆಳಗಿನ ಓಣಿಗೆ ಪಂಚಾಯಿತಿಯವರು ಸಮುದ್ರ ಮಂಜೂರು ಮಾಡಿ ಮೂರು ವರ್ಷವಾಗಿತ್ತು. ಆಗಿನ ಅಧ್ಯಕ್ಷರು ಆ ಓಣಿಯವರೇ. ಅಲ್ಲಿ ಮನೆಗಳ ಮೇಲೆ ಮಹಡಿ ಎದ್ದವು. ಮೇಲಿನ ಓಣಿಯ ಸದಸ್ಯೆ ನೀಲವ್ವನ ಹೊಟ್ಟೆಗೆ ಬೆಂಕಿ ಬಿದ್ದದ್ದೂ ಅಂದಿನಿಂದಲೇ. ಅವಳೇ ಕೈಹಿಡಿದು ಕೌದಿ ಹೊಲಿಯಲು ಕಲಿಸಿದ್ದ ಮೈದುನನ ಹೆಂಡತಿ ಗಂಗವ್ವನ ಕೌದಿಗಳು ಈಗ ಹಡಗು ಹತ್ತಿ ದೂರದ ದೇಶಗಳಿಗೆ ಹೋಗುತ್ತಿದ್ದವು.

ಸಮುದ್ರದ ವಿಷಯಕ್ಕೆ ಪಂಚಾಯಿತಿ ಮೀಟಿಂಗು ಕರೆದ ದಿನ ಬೆಳಿಗ್ಗೆ ಗಂಗವ್ವ ಖರ್ಜೂರದ ಪೊಟ್ಟಣ ಹಿಡಿದು ಬಂದಳು. "ಅಕ್ಕಾ, ಇವತ್ತ ನೀ ಕೈ ಎತ್ತಿದ್ರ ಸಮುದ್ರ ನಿಮ್ಮ ಓಣಿಗೂ ಬರ್ತದ. ನಿನ್ನ ಕೌದಿ ಹಡಗಿನವರಿಗೆ ನಾನ ತೋರಸ್ತೀನಿ."

"ನೀ ತೋರಸ್ತೀ?" ಎಂದಳು ನೀಲವ್ವ. "ಸೂಜಿಗೆ ದಾರ ಪೋಣಿಸೂದು ಬರ್ತಿರಲಿಲ್ಲ ನಿನಗ."

"ಅದಕ್ಕ ಅಂದೆ. ನಿನ್ನವು ನನ್ನವಕ್ಕಿಂತ ಛಲೋ ಹೋಗ್ತಾವ."

ಬೈದಿದ್ದರೂ ನೀಲವ್ವನಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಮೀಟಿಂಗಿನಲ್ಲಿ ಸಮುದ್ರ ಎರಡೂ ಓಣಿಗೆ ಇರಲಿ ಎಂದವರು ಐದು ಜನ, ಊರಿಗೇ ಬೇಡ ಎಂದವರು ಐದು ಜನ. ಎಲ್ಲರೂ ನೀಲವ್ವನ ಕಡೆ ನೋಡಿದರು. ಅವಳು ಬೇಡ ಎಂದು ಕೈ ಎತ್ತಿದಳು.

ಸಂಜೆಯ ಹೊತ್ತಿಗೆ ನೀರು ಸರಿದುಹೋಗಿತ್ತು. ಗಂಗವ್ವನ ಮೋರೆ ಹೇಗಾಗಿದೆ ನೋಡೋಣವೆಂದು ನೀಲವ್ವ ಕೆಳಗಿನ ಓಣಿಗೆ ಹೋದರೆ ಬಾಗಿಲಿಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಸಾವಂತ್ರವ್ವ ಅಂಗಳದ ಮರಳು ಗುಡಿಸುತ್ತಿದ್ದಳು.

"ಗಂಡನ್ನ ಕರ್ಕೊಂಡು ಕಡೀ ಹಡಗು ಹತ್ತಿದ್ಲವ್ವಾ. ಸಮುದ್ರ ಯಾವ ಊರಿಗೆ ಹೋಗ್ತದೋ ಅಲ್ಲೇ ಇರ್ತಾಳಂತ. ಅಲ್ಲಿ ಇಲೆಕ್ಷನ್‌ಗೂ ನಿಲ್ತಾಳಂತ."

ನೀಲವ್ವ ಒದ್ದೆ ಮರಳಿನ ಆಚೆ ನೋಡಿದಳು.

"ಗೆಲ್ತಾಳಾಕಿ," ಎಂದಳು.